ಮಗುವಿನ ಎದುರಿನ ಮುಖ

ಕೆಲವು ತಿಂಗಳುಗಳ ಹಿಂದೆ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಬರುತ್ತಿದ್ದಾಗ ನಮ್ಮ ಎದುರಿನ ಆಸನದಲ್ಲಿ ಒಬ್ಬ ಮಹನೀಯರೂ ಸುಮಾರು ನಾಲ್ಕು ವರ್ಷದ ಅವರ ಮಗಳೂ ಕುಳಿತಿದ್ದರು. ಶ್ರೀರಂಗಪಟ್ಟಣದ ಬಳಿ ಗಾಡಿ ಕಾವೇರಿಯ ಸೇತುವೆಯನ್ನು ಹತ್ತಿದೊಡನೆ ಮಗು ಕಿಟಕಿಯ ಸರಳುಗಳಿಗೆ ಮುಖವೊತ್ತಿ, "ಅಪ್ಪಾ, ಹೊಳೆ!" ಎಂದು ಕೂಗಿತು. ತಂದೆ "ಹೂಂ" ಎಂದರು. ಅವರ ಕಣ್ಣು ಕೈಯಲ್ಲಿದ್ದ ಮೊಬೈಲಿನ ಮೇಲಿತ್ತು. ಮಗು ಎರಡನೆಯ ಸಲ ಕೂಗಿತು. ಎರಡನೆಯ "ಹೂಂ" ಬಂತು. ಮೂರನೆಯ ಸಲ ಅದು ಕೂಗಲಿಲ್ಲ. ಆಸನದ ಮೇಲೆ ಎದ್ದು ನಿಂತು, ತನ್ನ ಎರಡೂ ಅಂಗೈಗಳಿಂದ ತಂದೆಯ ಗಲ್ಲವನ್ನು ಹಿಡಿದು, ಅವರ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಿತು. ಅಷ್ಟರಲ್ಲಿ ಹೊಳೆ ಹಿಂದೆ ಸರಿದುಹೋಗಿತ್ತು.

ವಾಚಕರಿಗೆ ಈ ನೋಟ ಹೊಸದಲ್ಲ. ಇಂತಹ "ಹೂಂ"ಗಳನ್ನು ನಾವೂ ನಮ್ಮ ಮನೆಯ ಮಕ್ಕಳಿಗೆ ಬೇಕಾದಷ್ಟು ಹೇಳಿದವರೇ ಆದುದರಿಂದ ಆ ತಂದೆಯನ್ನು ದೂರುವ ಅಧಿಕಾರ ನಮಗಿಲ್ಲ. ನಮ್ಮ ಕುತೂಹಲವೆಲ್ಲ ಆ ಎರಡು ಪುಟ್ಟ ಅಂಗೈಗಳ ವಿಷಯದಲ್ಲಿ. ಮಗು ಕರೆದುದಕ್ಕೆ ಉತ್ತರವೇನೋ ಬಂದಿತ್ತು. ಆ ಉತ್ತರದಿಂದ ತೃಪ್ತಿಪಡದೆ ಅದು ಮುಖವನ್ನೇ ಬೇಡಿದುದೇಕೆ? ಮಕ್ಕಳ ಕೈಗೆ ಮೊಬೈಲು ಕೊಡಬಾರದೆಂಬ ಉಪದೇಶ ಇಂದು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಹಿರಿಯರ ಕೈಯಲ್ಲಿರುವ ಮೊಬೈಲು ಮಕ್ಕಳನ್ನು ಏನು ಮಾಡುತ್ತದೆ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಕೇಳಬೇಕಾದವರೇ ಅದನ್ನು ಹಿಡಿದುಕೊಂಡು ಕುಳಿತಿರುವುದು ಇದಕ್ಕೆ ಕಾರಣವಿದ್ದೀತು.

ಮುಖದಿಂದಲೇ ಆರಂಭಿಸೋಣ. ಆಗತಾನೆ ಹುಟ್ಟಿದ ಕೂಸಿಗೆ ಲೋಕವೆಲ್ಲ ಮಬ್ಬುಮಬ್ಬಾಗಿ ತೋರುತ್ತದೆ. ಆದರೆ ಒಂದು ಗೇಣಿನಷ್ಟು ದೂರದಲ್ಲಿರುವ ವಸ್ತು ಅದಕ್ಕೆ ತಕ್ಕಮಟ್ಟಿಗೆ ಕಾಣುತ್ತದೆ. ಎದೆಗವುಚಿ ಹಾಲೂಡುವ ತಾಯಿಯ ಮುಖ ಕೂಸಿನ ಕಣ್ಣಿನಿಂದ ಹೆಚ್ಚುಕಡಮೆ ಅಷ್ಟೇ ದೂರದಲ್ಲಿರುವುದು. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟೆರೇಸಾ ಫರೋನಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಹುಟ್ಟಿ ಎರಡರಿಂದ ಐದು ದಿನಗಳಾಗಿದ್ದ ಶಿಶುಗಳ ಮುಂದೆ ಒಂದೇ ಮುಖದ ಎರಡು ಚಿತ್ರಗಳನ್ನು ಇಟ್ಟರು. ಒಂದರಲ್ಲಿ ಕಣ್ಣುಗಳು ನೇರವಾಗಿ ಶಿಶುವನ್ನೇ ನೋಡುತ್ತಿದ್ದವು. ಇನ್ನೊಂದರಲ್ಲಿ ಪಕ್ಕಕ್ಕೆ ಹೊರಳಿದ್ದವು. ಶಿಶುಗಳು ತಮ್ಮನ್ನು ನೋಡುವ ಮುಖವನ್ನೇ ಹೆಚ್ಚು ಹೊತ್ತು ನೋಡಿದವು. ತನ್ನನ್ನು ಯಾರು ನೋಡುತ್ತಿದ್ದಾರೆ, ಯಾರು ನೋಡುತ್ತಿಲ್ಲ ಎಂಬ ವಿವೇಚನೆ ಮನುಷ್ಯನಿಗೆ ಮೊದಲ ವಾರದಲ್ಲಿಯೇ ಇದೆ ಎಂದಾಯಿತು.

ಕೆಲವು ತಿಂಗಳುಗಳು ಕಳೆದಮೇಲೆ ಇದಕ್ಕಿಂತಲೂ ಸೋಜಿಗದ ಸಂಗತಿಯೊಂದು ಕಂಡುಬರುತ್ತದೆ. ಹಿರಿಯರು ಎತ್ತ ನೋಡಿದರೆ ಮಗುವೂ ಅತ್ತ ನೋಡತೊಡಗುತ್ತದೆ. 1975ರಲ್ಲಿ ಮೈಕೇಲ್ ಸ್ಕೇಫ್ ಮತ್ತು ಜೆರೋಮ್ ಬ್ರೂನರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ, ವಯಸ್ಸು ಏರಿದಂತೆಲ್ಲ ಈ ಶಕ್ತಿ ಬಲಿಯುತ್ತ ಹೋಗುವುದೆಂದು ತೋರಿಸಿದರು. ಇದನ್ನು ನಾವು ಜೊತೆನೋಟವೆಂದು ಕರೆಯೋಣ. ಅಂಗಳದಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಚಂದಮಾಮನನ್ನು ತೋರಿಸುತ್ತ ತುತ್ತಿಡುವ ನಮ್ಮ ಅಜ್ಜಿಯಂದಿರು ಯಾವ ಪ್ರಯೋಗಶಾಲೆಯನ್ನೂ ಕಂಡವರಲ್ಲವಾದರೂ ನಡೆಸುತ್ತಿದ್ದುದು ಇದನ್ನೇ. ಅಜ್ಜಿ ಚಂದ್ರನನ್ನು ನೋಡುತ್ತಾಳೆ. ಮಗು ಅಜ್ಜಿಯ ಕಣ್ಣನ್ನು ಹಿಂಬಾಲಿಸಿ ಚಂದ್ರನನ್ನು ನೋಡುತ್ತದೆ. ಮರಳಿ ಅಜ್ಜಿಯನ್ನು ನೋಡಿ, ಇಬ್ಬರೂ ನೋಡುತ್ತಿರುವುದು ಒಂದನ್ನೇ ಎಂದು ನಿಶ್ಚಯ ಮಾಡಿಕೊಳ್ಳುತ್ತದೆ. "ಚಂದಮಾಮ" ಎಂಬ ಶಬ್ದ ಆಕಾಶದಲ್ಲಿರುವ ಆ ಬಿಳಿಯ ವಸ್ತುವಿಗೆ ಅಂಟಿಕೊಳ್ಳುವುದು ಈ ಕ್ಷಣದಲ್ಲಿ. ರೈಲಿನ ಮಗು ಬೇಡಿದುದೂ ಇದನ್ನೇ. ಹೊಳೆ ಕಂಡರೆ ಸಾಲದು. ಅಪ್ಪನೂ ಹೊಳೆಯನ್ನು ಕಂಡನೆಂದು ತನಗೆ ಕಾಣಬೇಕು.

ಈ ಮುಖ ಉತ್ತರಿಸದೆ ಹೋದರೆ ಏನಾಗುತ್ತದೆ? ಇದನ್ನು ಪರೀಕ್ಷಿಸಿದವರು ಅಮೆರಿಕದ ಬೋಸ್ಟನ್ ನಗರದ ಎಡ್ವರ್ಡ್ ಟ್ರಾನಿಕ್ ಮತ್ತು ಅವರ ಜೊತೆಗಾರರು. 1975ರಲ್ಲಿ ಅವರು ವಿದ್ವಾಂಸರ ಸಭೆಯೊಂದರಲ್ಲಿ ವಿವರಿಸಿ, 1978ರಲ್ಲಿ ಪ್ರಕಟಿಸಿದ ಪ್ರಯೋಗ ಬಹು ಸರಳವಾದುದು. ತಾಯಿ ತನ್ನ ಕೂಸಿನ ಎದುರು ಕುಳಿತು ಎಂದಿನಂತೆ ಆಡಿಸುತ್ತಾಳೆ. ಅನಂತರ ಒಮ್ಮೆ ಮುಖ ತಿರುಗಿಸಿ, ಮತ್ತೆ ಕೂಸಿನ ಕಡೆ ನೋಡುವಾಗ ಮುಖವನ್ನು ಕಲ್ಲಿನಂತೆ ಮಾಡಿಕೊಳ್ಳುತ್ತಾಳೆ. ನಗುವಿಲ್ಲ, ಮಾತಿಲ್ಲ, ಹುಬ್ಬಿನ ಚಲನೆಯೂ ಇಲ್ಲ. ಎರಡು ಮೂರು ನಿಮಿಷಗಳ ತರುವಾಯ ಮೊದಲಿನಂತೆ ಆಡಿಸತೊಡಗುತ್ತಾಳೆ. ಪ್ರಯೋಗವೆಂದರೆ ಇಷ್ಟೇ.

ಈ ಎರಡು ಮೂರು ನಿಮಿಷಗಳಲ್ಲಿ ಕೂಸು ಮಾಡುವುದನ್ನು ಚಲಚ್ಚಿತ್ರದಲ್ಲಿ ನೋಡಿದವರು ಬೇಗ ಮರೆಯಲಾರರು. ಮೊದಲು ಅದು ಗಂಭೀರವಾಗುತ್ತದೆ. ಆಮೇಲೆ ತನ್ನಲ್ಲಿರುವ ಉಪಾಯಗಳನ್ನೆಲ್ಲ ಒಂದೊಂದಾಗಿ ಹೊರತೆಗೆಯುತ್ತದೆ: ನಕ್ಕು ನೋಡುತ್ತದೆ, ಕೇಕೆ ಹಾಕುತ್ತದೆ, ಕೈ ಚಾಚುತ್ತದೆ, ಮೈ ಮುಂದೆ ಬಾಗಿಸುತ್ತದೆ. ಯಾವುದೂ ಫಲಿಸದಿದ್ದಾಗ ದೃಷ್ಟಿಯನ್ನು ಬೇರೆಡೆಗೆ ಹೊರಳಿಸಿ, ಮತ್ತೆ ಕದ್ದು ನೋಡಿ, ಕೊನೆಗೆ ಕುಗ್ಗಿ ಕುಳಿತುಬಿಡುತ್ತದೆ, ಇಲ್ಲವೆ ಅಳುತ್ತದೆ. ತಾಯಿ ಮರಳಿ ನಕ್ಕಾಗಲೂ ಹಿಂದಿನ ಉಲ್ಲಾಸ ಒಡನೆಯೇ ಬರುವುದಿಲ್ಲ. ಕೂಸು ಸ್ವಲ್ಪಹೊತ್ತು ಅಪನಂಬಿಕೆಯಿಂದಿರುತ್ತದೆ.

ಅಂದಿನ ಪ್ರಯಾಣದಲ್ಲಿ ನಮಗೆ ಇದರ ಒಂದು ಛಾಯೆ ಕಾಣಸಿಕ್ಕಿತು. ಚನ್ನಪಟ್ಟಣ ದಾಟಿದಮೇಲೆ ತಂದೆ ಮೊಬೈಲನ್ನು ಜೇಬಿಗೆ ಸೇರಿಸಿ, ರಾಮನಗರದ ಹೆಬ್ಬಂಡೆಗಳು ಬಂದಾಗ ತಾವಾಗಿಯೇ, "ಅಲ್ನೋಡು ಪುಟ್ಟೀ, ಎಷ್ಟು ದೊಡ್ಡ ಬಂಡೆ!" ಎಂದರು. ಪುಟ್ಟಿ ತಿರುಗಲಿಲ್ಲ. ಚಪ್ಪಲಿಯ ಪಟ್ಟಿಯನ್ನು ಬಿಚ್ಚುವುದು, ಹಾಕುವುದು, ಇದೇ ಕೆಲಸದಲ್ಲಿತ್ತು. ಬಿಡದಿಯ ಹತ್ತಿರ ಬರುವ ವೇಳೆಗೆ ರಾಜಿಯಾಯಿತೆನ್ನಿ.

ಟ್ರಾನಿಕ್ ತಮ್ಮ ಪ್ರಯೋಗ ನಡೆಸಿದಾಗ ಇಂದಿನ ಮೊಬೈಲು ಇರಲಿಲ್ಲ. ಮುಟ್ಟಿದರೆ ಓಡುವ ಗಾಜಿನ ಪರದೆಯ ಫೋನುಗಳು ಜನಪ್ರಿಯವಾದುದು 2007ರ ಈಚೆಗೆ. ನಮ್ಮ ದೇಶದಲ್ಲಿ 2016ರಿಂದ ಡೇಟಾ ಅಗ್ಗವಾದಮೇಲೆ ಅವು ಹಳ್ಳಿಹಳ್ಳಿಗೂ ಹಬ್ಬಿದವು. ನಿಶ್ಚಲ ಮುಖಕ್ಕೂ ಮೊಬೈಲಿಗೆ ಬಾಗಿದ ಮುಖಕ್ಕೂ ಹೋಲಿಕೆಯುಂಟೆಂಬುದು ಹಲವರಿಗೆ ಹೊಳೆಯಿತು. ನ್ಯೂಯಾರ್ಕಿನ ಟ್ರೇಸಿ ಡೆನಿಸ್-ತಿವಾರಿ ಮತ್ತು ಅವರ ಸಹೋದ್ಯೋಗಿಗಳು ಏಳರಿಂದ ಇಪ್ಪತ್ತನಾಲ್ಕು ತಿಂಗಳ ವಯಸ್ಸಿನ 50 ಶಿಶುಗಳೊಡನೆ ಅದೇ ಪ್ರಯೋಗವನ್ನು ನಡೆಸಿ, 2018ರಲ್ಲಿ ವರದಿಯನ್ನು ಪ್ರಕಟಿಸಿದರು. ಈ ಸಲ ತಾಯಿ ಮುಖವನ್ನು ಕಲ್ಲಾಗಿಸುವ ಬದಲು ಮೊಬೈಲನ್ನು ನೋಡುತ್ತ ಕುಳಿತಳು. ಶಿಶುಗಳ ನಗೆ ಕುಂದಿತು, ಕಳವಳ ಹೆಚ್ಚಿತು, ಆಟಿಕೆಗಳ ಮೇಲಿನ ಆಸಕ್ತಿ ಇಳಿಯಿತು. ಮನೆಯಲ್ಲಿ ಮೊಬೈಲನ್ನು ಹೆಚ್ಚು ಬಳಸುವುದಾಗಿ ತಾವೇ ಹೇಳಿದ್ದ ತಾಯಂದಿರ ಶಿಶುಗಳು, ಆಟ ಮತ್ತೆ ತೊಡಗಿದಾಗ, ಉಳಿದವುಗಳಷ್ಟು ಚೆನ್ನಾಗಿ ಚೇತರಿಸಿಕೊಳ್ಳಲಿಲ್ಲ. ರೂಢಿಯಾದುದರಿಂದ ಬೇಸರ ಕಡಿಮೆಯಾಗಬಹುದೆಂದು ನಾವು ಊಹಿಸುತ್ತಿದ್ದೆವು, ಕಂಡುಬಂದುದು ಬೇರೆ.

ಮಾತು ಕಲಿಯುವುದರ ಮೇಲೂ ಇದರ ಪರಿಣಾಮವುಂಟು. 2017ರಲ್ಲಿ ಅಮೆರಿಕದ ಜೆಸ್ಸಾ ರೀಡ್, ಕ್ಯಾಥಿ ಹರ್ಷ್-ಪಾಸೆಕ್ ಮತ್ತು ರಾಬರ್ಟಾ ಗೋಲಿನ್‌ಕಾಫ್ ಎಂಬ ಮೂವರು ವಿದುಷಿಯರು 38 ಮಂದಿ ತಾಯಂದಿರಿಗೆ, ತಮ್ಮ ಎರಡು ವರ್ಷದ ಮಕ್ಕಳಿಗೆ ಎರಡು ಹೊಸ ಶಬ್ದಗಳನ್ನು ಕಲಿಸುವಂತೆ ಹೇಳಿದರು. ಮಕ್ಕಳು ಹಿಂದೆ ಕೇಳಿರಬಾರದೆಂದು ಆ ಶಬ್ದಗಳನ್ನು ಹೊಸದಾಗಿಯೇ ಸೃಷ್ಟಿಸಲಾಗಿತ್ತು. ಒಂದು ಶಬ್ದದ ಪಾಠ ನಿರ್ವಿಘ್ನವಾಗಿ ನಡೆಯಿತು. ಇನ್ನೊಂದರ ನಡುವೆ ತಾಯಿಗೆ ಫೋನ್ ಕರೆ ಬಂತು. ಶಬ್ದವನ್ನು ಮಗು ಕೇಳಿದ್ದು ಎರಡು ಸಂದರ್ಭದಲ್ಲಿಯೂ ಅಷ್ಟೇ ಸಲ. ಆದರೂ ಮಕ್ಕಳು ನಿರ್ವಿಘ್ನ ಪಾಠದ ಶಬ್ದವನ್ನು ಕಲಿತರು, ನಡುವೆ ಕಡಿದುಹೋದ ಪಾಠದ ಶಬ್ದವನ್ನು ಕಲಿಯಲಿಲ್ಲ. ಮಗುವಿನ ಕಿವಿಗೆ ಎಷ್ಟು ಮಾತು ಬಿತ್ತೆಂಬುದನ್ನು ಎಣಿಸಿದರೆ ಲೆಕ್ಕ ಸರಿಹೋಗುವುದಿಲ್ಲ. ಕೊಡುಕೊಳುವ ಎಳೆ ಕಡಿಯದೆ ಇತ್ತೇ ಎಂದು ನೋಡಬೇಕು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತುವುದು ಸಹಜ. ಹಿಂದಿನ ತಾಯಂದಿರೇನು ದಿನವಿಡೀ ಮಗುವಿನ ಮುಖ ನೋಡುತ್ತ ಕುಳಿತಿರುತ್ತಿದ್ದರೆ? ಒರಳಿನಲ್ಲಿ ರುಬ್ಬುವುದು, ಬಾವಿಯಿಂದ ನೀರು ಸೇದುವುದು, ಒಲೆ ಊದುವುದು, ಗದ್ದೆಯ ಕಳೆ ಕೀಳುವುದು, ಇವುಗಳ ನಡುವೆ ಮಕ್ಕಳು ಬೆಳೆಯಲಿಲ್ಲವೆ? ತಂದೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಗಂಟೆಗಟ್ಟಲೆ ಕೂರುತ್ತಿರಲಿಲ್ಲವೆ? ಆಕ್ಷೇಪ ನ್ಯಾಯವಾದುದು, ಮತ್ತು ಪ್ರಯೋಗವೂ ಅದನ್ನು ಒಂದು ಮಟ್ಟಿಗೆ ಸಮರ್ಥಿಸುತ್ತದೆ. ಕರೋಲಿನ್ ಕೊನ್ರಾಡ್ ಮತ್ತು ಅವರ ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಇಪ್ಪತ್ತು ತಿಂಗಳು ದಾಟಿದ ಮಕ್ಕಳೊಡನೆ ಆಡುತ್ತಿದ್ದ ತಾಯಂದಿರಿಗೆ ಎರಡು ನಿಮಿಷ ಬೇರೆ ಕೆಲಸ ಕೊಟ್ಟರು. ಒಂದು ಗುಂಪಿನವರು ಪ್ರಶ್ನಾವಳಿಯೊಂದನ್ನು ಮೊಬೈಲಿನಲ್ಲಿ ತುಂಬಿದರು. ಇನ್ನೊಂದು ಗುಂಪಿನವರು ಕಾಗದದ ಮೇಲೆ ಲೇಖನಿಯಿಂದ ತುಂಬಿದರು. ಎರಡು ಗುಂಪಿನಲ್ಲಿಯೂ ತಾಯಿ ಮಗುವಿಗೆ ಸ್ಪಂದಿಸುವುದು ಕುಗ್ಗಿತು. ಎರಡರಲ್ಲಿಯೂ ಮಕ್ಕಳು ತಾಯಿಯ ಗಮನ ಸೆಳೆಯುವ ಪ್ರಯತ್ನಗಳನ್ನು ಹೆಚ್ಚಿಸಿದರು. ಕೆಡುಕು ಗಾಜಿನ ಪರದೆಯಲ್ಲಿ ಅಡಗಿಲ್ಲ. ಮೊಬೈಲಿನಿಂದ ಏನೋ ಕಿರಣ ಹೊರಟು ಮಗುವಿನ ಮನಸ್ಸನ್ನು ಕೆಡಿಸುತ್ತದೆಂದು ಭಾವಿಸುವವರಿದ್ದರೆ ಆ ಭಾವನೆಯನ್ನು ಇಲ್ಲಿಗೇ ಬಿಡಬಹುದು.

ಹಾಗಾದರೆ ಮೊಬೈಲು ಮತ್ತು ಒರಳುಕಲ್ಲು ಒಂದೇ ಎನ್ನೋಣವೆ? ನಮಗೆ ಹಾಗೆ ತೋರುವುದಿಲ್ಲ. ಅವರೆಕಾಯಿಯ ಕಾಲದಲ್ಲಿ ಮನೆಯ ಹೆಂಗಸರು ಮೊರದ ಮುಂದೆ ಕುಳಿತು ಕಾಳು ಸುಲಿಯುತ್ತಿರುವುದನ್ನು ನೆನೆಸಿಕೊಳ್ಳಿರಿ. ಅವರ ಕಣ್ಣೂ ಕೈಯೂ ಕೆಲಸದ ಮೇಲಿವೆ, ನಿಜ. ಆದರೆ ಅವರು ಮಾಡುತ್ತಿರುವುದೇನೆಂದು ಪಕ್ಕದ ಮಗುವಿಗೆ ಗೊತ್ತು. ಅದೂ ಒಂದು ಕಾಯಿಯನ್ನು ಎತ್ತಿಕೊಂಡು ಸುಲಿಯಲು ಹೋಗಿ, ಒಳಗೆ ಹುಳು ಕಂಡು ಕಿರುಚಬಹುದು; ಎಲ್ಲರೂ ನಗಬಹುದು. ರೊಟ್ಟಿ ತಟ್ಟುವ ತಾಯಿ ಒಂದು ಉಂಡೆ ಹಿಟ್ಟನ್ನು ಮಗುವಿನ ಕೈಗಿಟ್ಟರೆ ಅದೂ ಒಂದು ರೊಟ್ಟಿಯಾಗುತ್ತದೆ, ಎಷ್ಟೇ ಸೊಟ್ಟಗಿರಲಿ. ಜೊತೆನೋಟಕ್ಕೆ ಅಲ್ಲಿ ಜಾಗವುಂಟು. ಮೊಬೈಲಿನ ಕೆಲಸವಾದರೋ ಹೊರಗಿನವರಿಗೆ ಕಾಣದು. ಬ್ಯಾಂಕಿಗೆ ಹಣ ಕಟ್ಟುವಾಗಲೂ, ಬಂಧುಗಳ ಮರಣವಾರ್ತೆ ಓದುವಾಗಲೂ, ರೀಲ್ಸ್ ನೋಡುವಾಗಲೂ ಕುಳಿತ ಭಂಗಿ ಒಂದೇ, ಬಾಗಿದ ಕತ್ತು ಒಂದೇ, ಹೆಬ್ಬೆರಳಿನ ಚಲನೆ ಒಂದೇ. ಒಮ್ಮೊಮ್ಮೆ ತಾಯಿ ನಗುತ್ತಾಳೆ. ಯಾವುದಕ್ಕೆ ನಕ್ಕಳೆಂದು ಮಗುವಿಗೆ ತಿಳಿಯದು. ಒಮ್ಮೊಮ್ಮೆ ಹುಬ್ಬು ಗಂಟಿಕ್ಕುತ್ತಾಳೆ. ತಾನೇ ಏನೋ ತಪ್ಪು ಮಾಡಿದೆನೆಂದು ಅದು ಬಗೆಯಲೂಬಹುದು.

ಇನ್ನೊಂದು ವ್ಯತ್ಯಾಸ, ಮೊರದಲ್ಲಿನ ಅವರೆಕಾಯಿ ಮುಗಿಯುತ್ತದೆ. ಪತ್ರಿಕೆಗೂ ಕೊನೆಯ ಪುಟವುಂಟು. ಮೊಬೈಲಿಗೆ ಕೊನೆಯ ಪುಟವಿಲ್ಲದಂತೆ ಅದನ್ನು ರಚಿಸಿದವರು ನೋಡಿಕೊಂಡಿದ್ದಾರೆ. ಅದರ ಸೆಳೆತದ ಗುಟ್ಟನ್ನು ತಿಳಿಯಬೇಕಾದರೆ ಪಾರಿವಾಳಗಳ ಬಳಿಗೆ ಹೋಗಬೇಕು. 1957ರಲ್ಲಿ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ ಪ್ರಕಟಿಸಿದ ದೊಡ್ಡ ಗ್ರಂಥವೊಂದರಲ್ಲಿ, ಗುಂಡಿಯನ್ನು ಕುಕ್ಕಿ ಕಾಳು ಪಡೆಯುವ ಪಾರಿವಾಳಗಳ ವರ್ತನೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಗೊತ್ತಾದ ಸಂಖ್ಯೆಯ ಕುಕ್ಕಿಗೆ ಕಾಳು ಬೀಳುವಂತಿದ್ದರೆ, ಕಾಳು ತಿಂದಮೇಲೆ ಹಕ್ಕಿ ಸ್ವಲ್ಪ ವಿಶ್ರಮಿಸುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುವುದೆಂದು ತಿಳಿಯದಂತೆ ಮಾಡಿದರೆ ವಿಶ್ರಮಿಸದೆ ಕುಕ್ಕುತ್ತಲೇ ಇರುತ್ತದೆ. ಹತ್ತು ಸಂದೇಶಗಳಲ್ಲಿ ಒಂಬತ್ತು ನಿಷ್ಪ್ರಯೋಜಕವಾಗಿ, ಹತ್ತನೆಯದು ಮಾತ್ರ ಸಂತೋಷ ಕೊಡುವಂತಿದ್ದರೆ, ಮತ್ತೆ ಮತ್ತೆ ಜೇಬಿಗೆ ಕೈ ಹೋಗುವುದರಲ್ಲಿ ಆಶ್ಚರ್ಯವೇನು? ಪ್ರಯೋಗಶಾಲೆಯಲ್ಲಿ ಎರಡು ನಿಮಿಷಕ್ಕೆ ಮುಗಿದ ಅಡಚಣೆ ಮನೆಯಲ್ಲಿ ದಿನಕ್ಕೆ ಎಷ್ಟೋ ಸಲ, ಮುನ್ಸೂಚನೆಯಿಲ್ಲದೆ, ಬರುತ್ತಿರುತ್ತದೆ.

ಊಟದ ಹೊತ್ತನ್ನೂ ಅದು ಬಿಟ್ಟಿಲ್ಲ. ಮಕ್ಕಳ ವೈದ್ಯೆಯಾದ ಜೆನ್ನಿ ರಡೆಸ್ಕಿ ಮತ್ತು ಅವರ ಜೊತೆಗಾರರು ಬೋಸ್ಟನ್ ಸುತ್ತಲಿನ ಉಪಾಹಾರಗೃಹಗಳಲ್ಲಿ ಮಕ್ಕಳೊಡನೆ ಊಟಕ್ಕೆ ಬಂದ 55 ಮಂದಿ ಹಿರಿಯರನ್ನು ದೂರದಿಂದ ಗಮನಿಸಿ 2014ರಲ್ಲಿ ವರದಿ ಮಾಡಿದರು. ಅವರಲ್ಲಿ 40 ಮಂದಿ ಊಟದ ನಡುವೆ ಮೊಬೈಲು ಬಳಸಿದರು. ಕೆಲವು ಮಕ್ಕಳು ಸುಮ್ಮನೆ ತಮ್ಮಪಾಡಿಗೆ ತಾವು ಉಂಡರು. ಕೆಲವರು ಗಮನ ಸೆಳೆಯಲು ಚೇಷ್ಟೆಗಿಳಿದರು. ಮೊಬೈಲಿನಲ್ಲಿ ಮುಳುಗಿದ್ದ ಹಿರಿಯರಲ್ಲಿ ಕೆಲವರು ಅದಕ್ಕೆ ಒರಟಾಗಿ ಉತ್ತರಿಸಿದರು. ಗಂಡಹೆಂಡಿರ ನಡುವೆಯೂ ಇದೇ ಕಥೆ. ಬ್ರಾಂಡನ್ ಮೆಕ್‌ಡೇನಿಯಲ್ ಮತ್ತು ಸಾರಾ ಕೋಯ್ನ್ 143 ಮಂದಿ ಹೆಂಗಸರನ್ನು ಪ್ರಶ್ನಿಸಿದಾಗ, ತಮ್ಮಿಬ್ಬರ ಮಾತುಕತೆಯ ನಡುವೆ ಇಂತಹ ಉಪಕರಣಗಳು ಹೆಚ್ಚಾಗಿ ತಲೆಹಾಕುತ್ತವೆಂದವರೇ ಹೆಚ್ಚು ಜಗಳಗಳನ್ನೂ, ದಾಂಪತ್ಯದಲ್ಲಿ ಕಡಿಮೆ ತೃಪ್ತಿಯನ್ನೂ ಹೇಳಿಕೊಂಡರು. ಮಕ್ಕಳು ಬಾಯಿಬಿಟ್ಟು ಪ್ರತಿಭಟಿಸಿದ್ದೂ ಉಂಟು: 2018ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಏಳು ವರ್ಷದ ಹುಡುಗನೊಬ್ಬನ ಮುಂದಾಳುತನದಲ್ಲಿ, ತಂದೆತಾಯಿಗಳು ಮೊಬೈಲು ಬಿಟ್ಟು ತಮ್ಮೊಡನೆ ಆಡಬೇಕೆಂದು ಮಕ್ಕಳು ಮೆರವಣಿಗೆ ಹೊರಟರು.

ಇಷ್ಟನ್ನು ಓದಿ ಯಾರಾದರೂ ಪಕ್ಕದ ಮನೆಯ ತರುಣ ತಾಯಿಯನ್ನು ಗದರಿಸಲು ಹೊರಟರೆ, ನಮ್ಮ ಲೇಖನ ಕೆಟ್ಟ ಕೆಲಸ ಮಾಡಿದಂತಾಗುವುದು. ಏಕೆಂದರೆ ಇಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂದು ಬಿಡಿಸುವುದು ಸುಲಭವಲ್ಲ. ಮೆಕ್‌ಡೇನಿಯಲ್ ಮತ್ತು ರಡೆಸ್ಕಿ 183 ಕುಟುಂಬಗಳನ್ನು ಆರು ತಿಂಗಳ ಕಾಲ ಮತ್ತೆ ಮತ್ತೆ ವಿಚಾರಿಸಿ 2018ರಲ್ಲಿ ಬರೆದ ಲೇಖನದಲ್ಲಿ ಇದೊಂದು ಸುತ್ತುವ ಚಕ್ರವೆಂದು ಕಂಡುಬಂದಿತು. ಮಗುವಿನ ಹಟ ತಂದೆತಾಯಿಗಳನ್ನು ದಣಿಸುತ್ತದೆ. ದಣಿದವರು ಮೊಬೈಲಿನಲ್ಲಿ ಆಶ್ರಯ ಹುಡುಕುತ್ತಾರೆ. ಅದರಿಂದ ಮಗುವಿನ ಹಟ ಇನ್ನಷ್ಟು ಏರುತ್ತದೆ. ಬೆಂಗಳೂರಿನ ಎರಡು ಕೋಣೆಯ ಮನೆಯೊಂದರಲ್ಲಿ, ಅತ್ತೆಯೂ ಇಲ್ಲದೆ ಅಮ್ಮನೂ ಇಲ್ಲದೆ, ಹತ್ತು ಗಂಟೆಗಳ ಕಾಲ ಒಂದು ಮಗುವಿನೊಡನೆ ಇರುವವಳಿಗೆ ತವರಿನ ದನಿ ಕೇಳಿಸುವ ಯಂತ್ರವೂ ಅದೇ. 2020ರ ಲಾಕ್‌ಡೌನಿನಿಂದ ಈಚೆಗೆ ಎಷ್ಟೋ ಮಂದಿಗೆ ಕಚೇರಿಯೂ ಅದರೊಳಗೆ ಬಂದಿದೆ. ಮಗುವಿನ ಶಾಲೆಯ ಮನೆಗೆಲಸ ಕೂಡ ವಾಟ್ಸ್ಆ್ಯಪಿನಲ್ಲಿಯೇ ಬರುವಾಗ ಮೊಬೈಲನ್ನು ನೋಡಬೇಡಿ ಎಂದು ಹೇಳುವುದು ಹೇಗೆ? ಇನ್ನೊಂದು ಮಾತು. ನಾವು ಮೇಲೆ ವಿವರಿಸಿದ ಪ್ರಯೋಗಗಳಲ್ಲಿ ಹೆಚ್ಚಿನವುಗಳಲ್ಲಿ ಮಗುವಿನ ಎದುರು ಕೂರಿಸಿದುದು ತಾಯಂದಿರನ್ನು. ತಂದೆಯ ಮುಖಕ್ಕೆ ಮಗುವಿನ ಪಾಲಿಗೆ ಬೆಲೆಯಿಲ್ಲವೆಂದೇ? ರೈಲಿನಲ್ಲಿ ನಾವು ಕಂಡ ಮಗು ಹಾಗೆ ತಿಳಿದಿರಲಿಲ್ಲ.

ಪರಿಣಾಮ ಎಷ್ಟು ದೊಡ್ಡದು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳ ಎದುರು ತಂದೆತಾಯಿಗಳು ಮೊಬೈಲು ಮುಂತಾದುವನ್ನು ಬಳಸುವ ಬಗೆಗೆ ನಡೆದ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ಒಂದು ವಿಮರ್ಶೆ 2025ರಲ್ಲಿ ಪ್ರಕಟವಾಯಿತು. ಮಕ್ಕಳ ಬುದ್ಧಿಯ ಬೆಳವಣಿಗೆ, ತಂದೆತಾಯಿಗಳೊಡನಿನ ಬಾಂಧವ್ಯ, ನಡತೆ ಇವುಗಳಿಗೂ ಈ ಬಳಕೆಗೂ ಪ್ರತಿಕೂಲ ಸಂಬಂಧವಿರುವುದು ಅದರಲ್ಲಿ ಕಂಡಿತು. ಆದರೆ ಆ ಸಂಬಂಧ ಸಣ್ಣದು. ಅಲ್ಲದೆ ಎರಡು ಸಂಗತಿಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು. ಸಣ್ಣದೆಂದು ಉಪೇಕ್ಷಿಸಬೇಕೆ ಎಂದರೆ, ಮನೆಮನೆಯಲ್ಲಿಯೂ ದಿನದಿನವೂ ನಡೆಯುವುದರಲ್ಲಿ ಸಣ್ಣದಕ್ಕೂ ಲೆಕ್ಕವುಂಟೆಂದು ನಾವು ನಂಬುತ್ತೇವೆ. ಮೊಬೈಲಿನ ಹಿಡಿತ ಕೈಮೀರಿತೆಂದು ತೋರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಒಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಆದರೆ ನಾವು ಹೇಳುತ್ತಿರುವುದು ಚಿಕಿತ್ಸೆ ಬೇಕಾಗದ ಸಾಧಾರಣ ಸಂಸಾರಗಳ ಮಾತು.

ಇಂತಹ ಸಂಸಾರಗಳಿಗೆ ಟ್ರಾನಿಕರ ಮುಂದಿನ ಸಂಶೋಧನೆಯಲ್ಲಿ ಒಂದು ಸಮಾಧಾನವಿದೆ. ನಿಶ್ಚಲ ಮುಖದ ಪ್ರಯೋಗವನ್ನು ಎಲ್ಲರೂ ನೆನೆಯುತ್ತಾರೆ, ಇದನ್ನು ಮಾತ್ರ ಮರೆಯುತ್ತಾರೆ. ಆರೋಗ್ಯವಂತರಾದ ತಾಯಿಮಕ್ಕಳು ಆಡುತ್ತಿರುವಾಗ ಅವರ ಭಾವ ಪರಸ್ಪರ ಹೊಂದಿಕೊಂಡಿರುವುದು ಎಷ್ಟು ಹೊತ್ತೆಂದು ಅವರು ಅಳೆದುನೋಡಿದರು. ಹೊಂದಿಕೆ ಕಂಡುಬಂದುದು ಸುಮಾರು ಮೂರರಲ್ಲಿ ಒಂದು ಪಾಲು ಕಾಲ ಮಾತ್ರ. ಉಳಿದುದೆಲ್ಲ ತಪ್ಪುವುದು, ಸರಿಪಡಿಸಿಕೊಳ್ಳುವುದು, ಮತ್ತೆ ತಪ್ಪುವುದು. ಈ ಸರಿಪಡಿಸುವಿಕೆಯೇ ಮಗುವಿಗೆ ಬೇಕಾದ ಪಾಠವೆಂದು ಅವರ ಅಭಿಪ್ರಾಯ: ಕಡಿದ ಎಳೆಯನ್ನು ಮತ್ತೆ ಕೂಡಿಸಬಹುದು, ಅದರಲ್ಲಿ ತನ್ನ ಕೈಯೂ ಉಂಟು ಎಂಬ ಭರವಸೆ ಅದಕ್ಕೆ ಹೀಗೆ ಬರುತ್ತದೆ. "ಈ ಕರೆ ಮುಗಿಸಿ ಬರ್ತೀನಿ, ಆಮೇಲೆ ಹೇಳು" ಎಂದು ಮಗುವಿನ ಕಣ್ಣು ನೋಡಿ ಹೇಳಿ, ಮುಗಿಸಿ, ನಿಜವಾಗಿಯೂ ಬಂದರೆ, ಎಳೆ ಕಡಿದುದಕ್ಕೂ ಕೂಡಿದುದಕ್ಕೂ ಮಗುವಿಗೆ ಅರ್ಥ ದೊರೆಯುತ್ತದೆ. ಅರ್ಧ ಕಿವಿಯಿಂದ ಹೇಳಿದ "ಹೂಂ"ನಲ್ಲಿ ಕಡಿದುದೂ ಇಲ್ಲ, ಕೂಡಿದುದೂ ಇಲ್ಲ.

ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳು ಇದಕ್ಕಾಗಿ ಒಂದು ಉಪಾಯ ಹೂಡಿದ್ದಾರೆ. ಮೂರು ವರ್ಷದ ಮಗನ ಎದುರು ಮೊಬೈಲು ಎತ್ತಿಕೊಂಡಾಗಲೆಲ್ಲ ತಾವು ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾರೆ: "ಗ್ಯಾಸ್ ಬುಕ್ ಮಾಡ್ತಿದ್ದೀನಿ," "ಅಜ್ಜಿಗೆ ನಿನ್ನ ಫೋಟೋ ಕಳಿಸ್ತಿದ್ದೀನಿ," "ಅಪ್ಪ ಎಷ್ಟು ಹೊತ್ತಿಗೆ ಬರ್ತಾರೆ ಅಂತ ಕೇಳ್ತಿದ್ದೀನಿ." ಕಾಣದ ಕೆಲಸವನ್ನು ಕಾಣುವಂತೆ ಮಾಡುವುದು ಅವರ ಉದ್ದೇಶ. ಒಂದೆರಡು ವಾರಗಳಲ್ಲಿ ಮಗುವಿಗೆ ಇದು ರೂಢಿಯಾಗಿ, ಅಮ್ಮ ಹೇಳುವುದನ್ನು ಮರೆತಾಗ ಅದೇ ಕೇಳತೊಡಗಿತು: "ಈಗ ಏನ್ ಮಾಡ್ತಿದ್ದೀಯಮ್ಮಾ?" ಹಾಗೆ ಕೇಳಿದ ಹೊತ್ತಿನಲ್ಲಿ, ಹೆಚ್ಚುಕಡಮೆ ಅರ್ಧದಷ್ಟು ಸಲ, ಹೇಳಲು ತಮ್ಮಲ್ಲಿ ಉತ್ತರವೇ ಇರಲಿಲ್ಲವೆಂದು ಅವರು ನಮ್ಮೊಡನೆ ಹೇಳಿದರು.